ರುಮಾಲಿನ ಕಡ್ಡಿ

ನನ್ನ ತಾತ ಪಾಲಪ್ಪನ ರುಮಾಲಿನ ಮಡಿಕೆಯಲ್ಲಿ ಯಾವಾಗಲೂ ಒಂದು ಪೊರಕೆ ಕಡ್ಡಿಯ ತುಂಡು ಇರುತ್ತಿತ್ತು. ಕಿರುಬೆರಳಿನಷ್ಟು ಉದ್ದ, ಮುಟ್ಟಿ ಮುಟ್ಟಿ ಕರ್ರಗಾಗಿತ್ತು. ಹಲ್ಲು ಕೆದಕಲಿಕ್ಕೆ ಇಟ್ಟುಕೊಂಡಿದ್ದಾನೆ ಅಂತ ತಿಳಿದು ಒಂದು ದಿನ ನಾನು ಅದನ್ನು ಎಳೆದೆ. ಯಾರ ಮೇಲೂ ಕೈಯೆತ್ತದ ಮನುಷ್ಯ ನನ್ನ ಕಪಾಳಕ್ಕೆ ಬಾರಿಸಿದ. ಬಾರಿಸಿದ ಮೇಲೆ ತಾನೇ ಅತ್ತ. ಮುದುಕರ ಹುಚ್ಚು ಅಂದುಕೊಂಡು ಸುಮ್ಮನಾದೆ.

ತಾತ ಅಂದರೆ ನನ್ನ ಅವ್ವ ಆಂಜಿನಮ್ಮನ ಅಪ್ಪ. ಅವನ ಊರು ಕೊಡಿಗೇನಹಳ್ಳಿಗೆ ಎರಡು ಮೈಲಿ ದೂರ, ಹಿಂದೂಪುರದ ಗಾಡಿ ದಾರಿಯ ಪಕ್ಕದಲ್ಲೇ. ವಯಸ್ಸಿನಲ್ಲಿ ಮಧುಗಿರಿ ಬೆಟ್ಟದ ಸುತ್ತಮುತ್ತ ಅಳತೆಗೆ ಬಂದಿದ್ದ ಒಬ್ಬ ದೊರೆಯ ಕೈಕೆಳಗೆ ಸರಪಳಿ ಹಿಡಿಯುವ ಕೆಲಸಕ್ಕಿದ್ದ. ಹೊಲ, ಗುಡ್ಡ, ಹಳ್ಳ ಎಲ್ಲವನ್ನೂ ಕಬ್ಬಿಣದ ಸರಪಳಿ ಎಳೆದು ಅಳೆಯುವ ಕೆಲಸ. ಆರು ವರ್ಷ ದೊರೆಯ ಹಿಂದೆ ಅಲೆದು, ಕಲ್ಲುಬಂಡೆಯಿಂದ ಜಾರಿ ಮೊಣಕಾಲು ಮುರಿದುಕೊಂಡು, ಕುಂಟುತ್ತ ಊರಿಗೆ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಹಳೇ ಕೋಟು, ಮತ್ತೆ ಇಂಗ್ಲಿಷು. ಊರು ಅವನನ್ನು ಸರಪಳಿ ಪಾಲಪ್ಪ ಅಂತ ಕರೆಯಿತು.

ನಾನು ಈಗ ಕೊರಟಗೆರೆಯಲ್ಲಿ ಮೇಷ್ಟ್ರು. ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುತ್ತೇನೆ. ಟ್ರೈನಿಂಗಿನಲ್ಲಿ ನನಗೆ ಕಲಿಸಿದ್ದೆಲ್ಲ ಮರೆತುಹೋಗಿದೆ, ತಾತ ಕಲಿಸಿದ್ದು ಮಾತ್ರ ನಿಂತಿದೆ. ಉದ್ದನೆಯ ಪದ ಕಂಡರೆ ಹೆದರಬೇಡ, ಉದ್ದನೆಯ ಹೊಲವನ್ನು ಯಾರೂ ಒಂದೇ ಸಲ ಅಳೆಯುವುದಿಲ್ಲ ಅನ್ನುತ್ತಿದ್ದ. ಪದವನ್ನು ಮುರಿಯುವುದಕ್ಕೆ ಎರಡು ಬಗೆ ಇದೆ, ಕಬ್ಬು ಇದ್ದ ಹಾಗೆ. ತಿನ್ನುವುದಾದರೆ ಹಲ್ಲಿಗೆ ಸಿಕ್ಕ ಕಡೆ ಕಚ್ಚು, ನೆಡುವುದಾದರೆ ಗೆಣ್ಣು ನೋಡಿ ಕಡಿ. ಬಾಯಲ್ಲಿ ಹೇಳುವುದಕ್ಕೆ ಉಸಿರು ನಿಂತ ಕಡೆ ಮುರಿದರೆ ಸಾಕು. ಅರ್ಥ ಬೇಕಾದರೆ ಗೆಣ್ಣಿನಲ್ಲೇ ಮುರಿಯಬೇಕು.

ಅವನು ಮೊದಲು ಕಲಿತ ದೊಡ್ಡ ಪದ ದೊರೆಯ ಬಾಯಲ್ಲಿ ದಿನಾ ಬರುತ್ತಿದ್ದದ್ದು: ಟ್ರಯಾಂಗ್ಯುಲೇಷನ್. ಉಸಿರಿಗೆ ಟ್ರೈ, ಆಂಗ್, ಯು, ಲೇ, ಷನ್ ಎಂದು ಐದು ತುಂಡು. ಗೆಣ್ಣಿಗೆ ಮೂರೇ. ಟ್ರೈ ಅಂದರೆ ಮೂರು. ಆಂಗ್ಯುಲ್ ಅಂದರೆ ಮೂಲೆ. ಏಷನ್ ಅಂದರೆ ಮಾಡುವುದು. ಮೂರು ಬೆಟ್ಟದ ತುದಿ ಹಿಡಿದು ಮೂರು ಮೂಲೆ ಮಾಡಿ ಅಳೆಯುವುದು, ಅಷ್ಟೇ. ಆರು ವರ್ಷ ತಾನು ಮಾಡಿದ ಕೆಲಸ ಆ ಪದದೊಳಗೇ ಕೂತಿದೆ ಅಂತ ತಿಳಿದ ದಿನ ಅವನಿಗೆ ಅನ್ನ ಸೇರಲಿಲ್ಲವಂತೆ, ಅಷ್ಟು ಖುಷಿ.

ಊರಿನಲ್ಲಿ ಇಂಗ್ಲಿಷ್ ಅಕ್ಷರ ಕಂಡರೆ ಅದು ಪಾಲಪ್ಪನ ಜಗುಲಿಗೆ ಬರುತ್ತಿತ್ತು. ಔಷಧಿ ಸೀಸೆ, ರೈಲ್ವೆ ಚೀಟಿ, ಬಿಸ್ಕತ್ತಿನ ಡಬ್ಬ, ಏನಾದರೂ ಸರಿ. ಅವನು ಪೊರಕೆಯಿಂದ ಒಂದು ಕಡ್ಡಿ ಎಳೆದು, ಗೆಣ್ಣಿಗೊಂದು ತುಂಡು ಮುರಿದು, ಎಡದಿಂದ ಬಲಕ್ಕೆ ಜಗುಲಿಯ ಮೇಲೆ ಜೋಡಿಸುತ್ತಿದ್ದ. ಎಲ್ಲಾ ತುಂಡು ಕೂತ ಮೇಲೇ ಅರ್ಥ ಹೇಳುವುದು, ಅಲ್ಲಿವರೆಗೆ ಕೇಳಿದರೂ ತುಟಿ ಬಿಚ್ಚುವುದಿಲ್ಲ. ಜನ ಬಯಲಾಟ ನೋಡುವ ಹಾಗೆ ಸುತ್ತ ಕೂರುತ್ತಿದ್ದರು. ಅವನಿಗೂ ಸ್ವಲ್ಪ ಜಂಬವಿತ್ತು, ಇಲ್ಲ ಅಂದರೆ ಸುಳ್ಳಾಗುತ್ತೆ.

ಅವನ ಜೀವದ ಗೆಳೆಯ ಬೋರಯ್ಯ. ಹಗೇವಿಗೆ ಇಳಿಯುವುದು ಅವನ ಕಸುಬು. ಹಗೇವು ಅಂದರೆ ನೆಲದೊಳಗೆ ಬಾವಿಯ ಹಾಗೆ ತೋಡಿ ರಾಗಿ ತುಂಬಿಡುವ ಗುಂಡಿ. ಅದರ ಕೆಟ್ಟ ಗಾಳಿಗೆ ಸಿಕ್ಕಿ ಸತ್ತವರಿದ್ದಾರೆ, ಧೈರ್ಯ ಇದ್ದವನೇ ಇಳಿಯಬೇಕು. ಈ ಬೋರಯ್ಯ ಒಂದು ಸಲ ಹೊಟ್ಟೆನೋವಿಗೆ ಅಂತ ಯಾರೋ ಕೊಟ್ಟ ಸೀಸೆ ಎತ್ತಿ ಇನ್ನೇನು ಗಂಟಲಿಗೆ ಸುರಿದುಕೊಳ್ಳಬೇಕು, ತಾತ ಚೀಟಿ ನೋಡಿ ಕೈ ಹಿಡಿದ. ಎಕ್ಸ್‌ಟರ್ನಲ್ ಅಂತಿತ್ತು. ತಲೆಯ ತುಂಡು 'ಎಕ್ಸ್', ಅಂದರೆ ಹೊರಗೆ. ಮೈಮೇಲೆ ಹಚ್ಚುವ ವಿಷ ಅದು. ಅವತ್ತಿನಿಂದ ಬೋರಯ್ಯ ಊರೆಲ್ಲ ಹೇಳಿಕೊಂಡು ತಿರುಗಿದ, "ನನ್ ಜೀವ ಪಾಲನ ಕಡ್ಡಿಯಾಗೈತೆ ಕಣ್ಲಾ."

ಸಾವಿರದ ಒಂಬೈನೂರ ಮೂರನೇ ಇಸವಿ. ಬೆಂಗಳೂರಿನಲ್ಲಿ ಅದೇನೋ ಜಡ್ಡು ಬಂದು ಜನ ನೊಣದ ಹಾಗೆ ಬೀಳುತ್ತಿದ್ದಾರೆ ಎಂಬ ಸುದ್ದಿ ಹಳೆಯದಾಗಿತ್ತು. ನಮ್ಮ ಕಡೆ ಪ್ಲೇಗು ಅನ್ನುವ ಮಾತು ಕೇಳಿದ್ದರು, ಕಂಡವರಿರಲಿಲ್ಲ.

ಅವ್ವನಿಗೆ ಆಗ ಹದಿನಾಲ್ಕು. ಒಂದು ವರ್ಷದ ಹಿಂದೆ ಅವಳಿಗೆ ಗೊತ್ತುಮಾಡಿದ್ದ ಗಂಡು ಒಪ್ಪಂದದ ವೀಳ್ಯ ಮುಗಿದ ವಾರಕ್ಕೇ ಹಾವು ಕಚ್ಚಿ ಸತ್ತಿದ್ದ. ಹುಡುಗಿಯ ಕಾಲ್ಗುಣ ಅಂತ ಊರೂರಿನಲ್ಲಿ ಮಾತಾಯಿತು. ಆಡಿಕೊಳ್ಳುವ ಬಾಯಿಗೆ ಅಗುಳಿ ಹಾಕುವವರು ಯಾರು? ಬಂದ ಸಂಬಂಧಗಳೆಲ್ಲ ಬಾಗಿಲಿಂದಲೇ ತಿರುಗಿದವು. ಅಂತೂ ಕೊಳಾಲದವರು ಒಪ್ಪಿದರು. ಮಂಗಳವಾರ ಬೆಳಿಗ್ಗೆ ಹಾಲುಗಂಬ ನೆಟ್ಟು, ಚಪ್ಪರ ಹಾಕಿ, ಅರಿಶಿನ ಹಚ್ಚಿ ಅವ್ವನ ಕೈಗೆ ಕಂಕಣ ಕಟ್ಟಿದರು. ಗುರುವಾರ ಧಾರೆ. ನಮ್ಮಲ್ಲಿ ಕಂಕಣ ಕಟ್ಟಿದ ಹೆಣ್ಣು ಧಾರೆಯಾಗುವ ತನಕ ಊರ ಗಡಿ ದಾಟುವ ಹಾಗಿಲ್ಲ. ದಾಟಿದರೆ ಮದುವೆ ಮುರಿದಂತೆ. ಎರಡನೇ ಸಲವೂ ಮುರಿದ ಹೆಣ್ಣನ್ನು ಯಾರೂ ಕೇಳುವುದಿಲ್ಲ, ಅವಳು ಹೆತ್ತವರ ಮನೆಯ ಒಲೆ ಮುಂದೆಯೇ ಮುದುಕಿಯಾಗಬೇಕು.

ಕಂಕಣ ಕಟ್ಟಿ ಇನ್ನೂ ಎಲೆ ಹಾಕಿರಲಿಲ್ಲ, ಹಿಂದೂಪುರದ ಕಡೆಯಿಂದ ಒಬ್ಬ ಜವಾನ ಕುದುರೆಯ ಮೇಲೆ ಬಂದ. ಕೈಯಲ್ಲಿ ಚೀಟಿಗಳ ಕಟ್ಟು. ಪಟೇಲ ರುದ್ರಯ್ಯನ ಕೈಗೆ ಒಂದು ಕೊಟ್ಟು, "ಡಾಕ್ಟರುಗಾರು ಇಚ್ಚಿನಾರು. ಚದಿವಿಂಚುಕೋಂಡಿ, ತ್ವರಗಾ" ಎಂದು ಹೇಳಿ ಮುಂದಿನ ಊರಿಗೆ ಹೊರಟೇಬಿಟ್ಟ. ಬೇಗ ಓದಿಸಿಕೊಳ್ಳಿ ಅಂದದ್ದು ಎಲ್ಲರಿಗೂ ತಿಳಿಯಿತು. ಓದುವವನು ಒಬ್ಬನೇ. ರುದ್ರಯ್ಯ ಚೀಟಿಯನ್ನು ಚಪ್ಪರದ ಕೆಳಕ್ಕೇ ತಂದ.

ಚೀಟಿಯಲ್ಲಿ ಒಂದೇ ಸಾಲು. ಮೊನ್ನೆ ಎರಡು ದಿನ ಊರಲ್ಲಿ ತಂಗಿದ್ದ ಉಪ್ಪಿನ ಗಾಡಿಯವನು ಜಡ್ಡಿನಿಂದ ಸತ್ತಿದ್ದಾನೆ ಅಂತ ಚಿಕ್ಕ ಪದಗಳು ತಾತನೊಬ್ಬನಿಗೇ ಹೇಳಿದವು. ಹಗೇವಿನ ಬಯಲಲ್ಲೇ ಅವನು ಗೋಣಿ ಹಾಸಿ ಮಲಗಿದ್ದದ್ದು. ಕೊನೆಗೆ ಒಂದು ಉದ್ದನೆಯ ಪದ, ಅದರ ಕೆಳಗೆ ಎರಡು ಗೀಟು. ತಾತ ಆ ಪದವನ್ನು ಅದುವರೆಗೆ ಕಂಡಿರಲಿಲ್ಲ. ಬಾಯೊಳಗೇ ಉಸಿರಿಗೆ ಮುರಿದ: ಇ, ವ್ಯಾಕ್, ಯು, ಏ, ಷನ್. ಆಮೇಲೆ ಕಡ್ಡಿ ಕೇಳಿ ಇಸಿದುಕೊಂಡು ಗೆಣ್ಣಿಗೆ ಮುರಿದ. ಬಾಲ ಗುರುತಿನದೇ, ಏಷನ್, ಮಾಡುವುದು. ನಡುವಿನ ತುಂಡು ವ್ಯಾಕ್ಯು. ದೊರೆಯ ಬಾಯಲ್ಲಿ ಬಂಗಲೆ ವೇಕೆಂಟು ಅಂತ ಕೇಳಿದ್ದ, ಅಂದರೆ ಖಾಲಿ. ತಲೆಯ ತುಂಡು ಇಷ್ಟೇ ಇಷ್ಟು, ಇ. ಎಕ್ಸ್‌ನ ತಮ್ಮ. ಹೊರಗೆ.

ಮೂರು ತುಂಡು ಚಪ್ಪರದ ನೆಲದ ಮೇಲೆ ಕೂತವು. ಹೊರಗೆ. ಖಾಲಿ. ಮಾಡುವುದು. ಊರು ಖಾಲಿ ಮಾಡಿ ಹೊರಗೆ ಹೋಗಿ, ಈಗಲೇ.

ತಾತ ತಲೆಯೆತ್ತಿದ. ಎದುರಿಗೆ ಅವ್ವ ಅರಿಶಿನದ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಂಕಣದ ದಾರ ಇನ್ನೂ ಹಸಿ. ಅಜ್ಜಿ ಕೆಂಚಮ್ಮ ಬಾಗಿಲಲ್ಲಿ ನಿಂತಿದ್ದಳು. ಸುತ್ತ ಇಡೀ ಊರು ಅವನ ಬಾಯಿ ನೋಡುತ್ತಿತ್ತು.

ಎಡಗಡೆಯ ತುಂಡನ್ನು ಎತ್ತಿ, ಏನೋ ಕಸ ತೆಗೆಯುವವನ ಹಾಗೆ, ರುಮಾಲಿನ ಮಡಿಕೆಗೆ ಸಿಕ್ಕಿಸಿಕೊಂಡ. ಉಳಿದ ಎರಡನ್ನು ತೋರಿಸಿ ಹೇಳಿದ, "ಖಾಲಿ ಮಾಡೋದು. ಹಗೇವು ಖಾಲಿ ಮಾಡ್ಬೇಕಂತೆ."

"ಹಗೇವು ಕಟ್ಕೊಂಡು ಡಾಕ್ಟ್ರಿಗೇನು?" ಅಂದ ರುದ್ರಯ್ಯ.

"ಕಾಳಿಗೆ ಹುಳ ಬಿದ್ದದಂತೆ. ತೆಗ್ದು ಬಿಸ್ಲಿಗೆ ಹಾಕ್ರಿ ಅಂತ ಬರ್ದವ್ರೆ."

ಹಗೇವು ಯಾಕೆ ಬಾಯಿಗೆ ಬಂತು ಅಂತ ಅವನಿಗೇ ಗೊತ್ತಿಲ್ಲ. ಮದುವೆಯ ರಾಗಿಗೆ ಹೇಗೂ ತೆಗೆಯಬೇಕಿತ್ತು, ಯಾರಿಗೂ ತೊಂದರೆಯಿಲ್ಲದ ಕೆಲಸ ಅಂದುಕೊಂಡನಂತೆ. ಮೂರೇ ದಿನ. ಧಾರೆಯೆರೆದು ಹುಡುಗಿ ಗಡಿ ದಾಟಿದ ಕೂಡಲೇ ಆ ಬಚ್ಚಿಟ್ಟ ತುಂಡನ್ನೂ ತೆಗೆದು ಹೇಳಿಬಿಡುವುದು. ಮೂರು ದಿನಕ್ಕೆ ಏನಾದೀತು? ಈ ಮಾತು ಬರೆಯುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೇರೆ ಏನು ಸುಳ್ಳು ಬೇಕಾದರೂ ಹೇಳಬಹುದಿತ್ತಲ್ಲ, ಪುಣ್ಯಾತ್ಮ!

ಮಧ್ಯಾಹ್ನವೇ ಊರಿನ ಹಗೇವುಗಳ ಬಾಯಿ ಕಲ್ಲು ಸರಿದವು. ಬೋರಯ್ಯ ವಾಡಿಕೆಯಂತೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಿದ. ದೀಪ ಆರಲಿಲ್ಲ. ಗಾಳಿ ಚೆನ್ನಾಗೈತೆ ಅಂದು ಇಳಿದ. ಸ್ವಲ್ಪ ಹೊತ್ತಿಗೆ ಕೈ ಮೇಲೆ ಬಂತು, ಅದರಲ್ಲಿ ಬಾಲ ಹಿಡಿದ ಒಂದು ಸತ್ತ ಇಲಿ. "ಮದ್ವೆ ಊಟಕ್ಕೆ ಇವ್ರೂ ಬಂದವ್ರೆ ಕಣ್ಲಾ ಪಾಲ!" ಎಂದು ನಕ್ಕ. ಎಲ್ಲರೂ ನಕ್ಕರು. ಇನ್ನೊಂದು ಬಂತು. ಆಮೇಲೆ ಬುಟ್ಟಿಯಲ್ಲಿ ಬಂದವು.

ತಾತ ಅಲ್ಲೇ ನಿಂತಿದ್ದ. ಇಲಿ ಅಂದರೆ ಏನು ಅಂತ ಅವನಿಗೆ ಗೊತ್ತಿತ್ತು, ಬೆಂಗಳೂರಿನ ಸುದ್ದಿ ಕೇಳಿದ್ದನಲ್ಲ. ಕೈ ರುಮಾಲಿಗೆ ಹೋಯಿತು. ಕಡ್ಡಿ ತೆಗೆಯಲಿಲ್ಲ. ತುಂಡು ಅಲ್ಲೇ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಂಡ, ಅಷ್ಟೇ.

ಬುಧವಾರ ಹಟ್ಟಿಯಲ್ಲಿ ಹಾಡು ಹಗಲೇ ಒಂದು ಇಲಿ ಕುಡಿದವನ ಹಾಗೆ ತೂರಾಡಿಕೊಂಡು ಬಂದು ಅಜ್ಜಿಯ ಬೀಸುಕಲ್ಲಿನ ಮಗ್ಗುಲಲ್ಲಿ ಬಿದ್ದು ಸತ್ತಿತು. ಆ ಹಗೇವಿನ ರಾಗಿಯನ್ನೇ ಅವಳು ಬೀಸುತ್ತಿದ್ದಳು. ಗಂಡನನ್ನು ಒಳಗೆ ಕರೆದು ಕೇಳಿದಳು, "ಇದ್ಯಾಕೋ ಸರಿ ಕಾಣ್ಲಿಲ್ಲ. ಆ ಚೀಟಿಯಾಗೆ ಇನ್ನೇನಾರ ಇತ್ತಾ?"

"ಏನಿಲ್ಲ. ನೀನು ಬೀಸು."

ಅವಳು ಬೀಸಿದಳು. ಮೂವತ್ತಾರು ವರ್ಷ ಈ ಎರಡು ಮಾತನ್ನು ಅವನು ತನ್ನಷ್ಟಕ್ಕೆ ತಾನು ಗೊಣಗಿಕೊಳ್ಳುತ್ತಿದ್ದ, ಬುದ್ಧಿ ಬಂದಾಗಿನಿಂದ ನಾನೂ ಕೇಳಿದ್ದೇನೆ. ಯಾವ ಬೀಸುಕಲ್ಲು, ಯಾರಿಗೆ ಹೇಳುತ್ತಾನೆ ಅಂತ ತಿಳಿಯುತ್ತಿರಲಿಲ್ಲ.

ಗುರುವಾರ ಧಾರೆ ಚೆನ್ನಾಗಿಯೇ ನಡೆಯಿತು. ಗಂಡಿನ ಕಡೆಯವರು ಊಟ ಹೊಗಳಿದರು. ಪಂಕ್ತಿಯಲ್ಲಿ ಬೋರಯ್ಯ ಕಾಣಲಿಲ್ಲ. ಮೊದಲ ಎಲೆಗೆ ಕೂರುವವನು ಎಲ್ಲಿ ಅಂತ ಹುಡುಕಿಕೊಂಡು ತಾತ ಅವನ ಮನೆಗೆ ಹೋದ. ಬೋರಯ್ಯ ಕಂಬಳಿ ಹೊದ್ದು ನಡುಗುತ್ತಿದ್ದ, ಕಣ್ಣು ಕೆಂಡ. ಅವನ ಹೆಂಡತಿ ಮುನಿಯಮ್ಮ ಅವನ ಕೈ ಎತ್ತಿ ಕಂಕುಳು ತೋರಿಸಿದಳು. ನಿಂಬೆಕಾಯಿ ಗಾತ್ರದ ಗಡ್ಡೆ.

ಬೋರಯ್ಯ ಕೇಳಿದ, "ಲೇ ಪಾಲ, ಆ ಚೀಟಿಯಾಗೆ ಇದಕ್ಕೇನಾರ ಮದ್ದು ಬರ್ದಿತ್ತೇನ್ಲಾ?"

"ನೋಡ್ತೀನಿ," ಅಂದ ತಾತ. "ಇನ್ನೊಂದ್ಸಲ ಓದಿ ನೋಡ್ತೀನಿ."

ಜಡ್ಡಿನ ಊರು ಅಂತ ತಿಳಿದರೆ ಗಂಡಿನವರು ಹುಡುಗಿಯನ್ನು ಬಿಟ್ಟೇ ಹೋದಾರು ಅಂತ ಆ ರಾತ್ರಿಯೂ ಅವನು ನಿಜ ಹೇಳಲಿಲ್ಲ. ಶುಕ್ರವಾರ ಹೊತ್ತು ಮೂಡಿದ ಮೇಲೆ ಕೊಳಾಲದ ಗಾಡಿಗಳು ಹೊರಟವು. ಅವ್ವ ಅಳುತ್ತ ಹತ್ತಿದಳು, ಅಜ್ಜಿ ಅಳುತ್ತ ಮಡಿಲು ತುಂಬಿದಳು. ತಾತ ಗಡಿಕಲ್ಲಿನ ತನಕ ಗಾಡಿಯ ಜತೆ ಕುಂಟಿಕೊಂಡು ಹೋದ. ಗಾಡಿಯ ಹಿಂದಿನ ಗಾಲಿ ಕಲ್ಲು ದಾಟಿತು. ಆಗ ಅವನು ತಿರುಗಿ ಓಡಿದ. ಮುರಿದ ಕಾಲಿನವನು ಹಾಗೆ ಓಡಿದ್ದನ್ನು ಕಂಡವರು ಎಷ್ಟೋ ವರ್ಷ ಹೇಳುತ್ತಿದ್ದರು.

ರುದ್ರಯ್ಯನ ಮುಂದೆ ಮೂರು ಕಡ್ಡಿ ಇಟ್ಟು ತಾತ ಹೇಳಿದ, "ತಪ್ಪಾಗೋಯ್ತು ಗೌಡ್ರೇ. ಬಾಲ ಹಿಡ್ಕೊಂಡು ತಲೆ ಬುಟ್‌ಬುಟ್ಟೆ. ಹಗೇವಲ್ಲ, ಊರು. ಊರು ಖಾಲಿ ಮಾಡಿ ಹೊರ್ಗೋಗ್ಬೇಕಂತೆ."

ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಆದರೂ ಊರು ಹೊರಟಿತು. ಸಂಜೆಯೊಳಗೆ ಒಲೆ ಆರಿಸಿ, ದನ ಬಿಚ್ಚಿಕೊಂಡು, ಗುಡ್ಡದ ಪಕ್ಕದ ಬಯಲಿಗೆ ಹೋಗಿ ಸೋಗೆಯ ಗುಡಿಸಲು ಹಾಕಿಕೊಂಡರು. ಜಡ್ಡು ಜತೆಯಲ್ಲೇ ಬಂದಿತ್ತು. ಬೋರಯ್ಯ ಶನಿವಾರ ಹೋದ. ಹಗೇವಿನ ಬುಟ್ಟಿ ಹೊತ್ತ ಮೂವರು ಹೋದರು. ಎಂಟನೇ ದಿನ ಅಜ್ಜಿ ಕೆಂಚಮ್ಮ ಹೋದಳು, ಮಗಳು ಸುಖವಾಗಿ ಸೇರಿದಳೋ ಇಲ್ಲವೋ ಅಂತ ಕೇಳುತ್ತ ಕೇಳುತ್ತ. ಆ ಬಯಲಿನಲ್ಲಿ ಹನ್ನೊಂದು ಗುಂಡಿಗಳಾದವು. ಕೊಳಾಲಕ್ಕೆ ಜಡ್ಡು ಮುಟ್ಟಲಿಲ್ಲ, ಅದು ಯಾರ ಪುಣ್ಯವೋ. ಅವ್ವನಿಗೆ ತಾಯಿ ಸತ್ತ ಸುದ್ದಿಯನ್ನು ತಿಂಗಳಾದ ಮೇಲೆ ಹೇಳಿದರು.

ಊರು ಅವನನ್ನು ಏನೂ ಅನ್ನಲಿಲ್ಲ. ಬೈದಿದ್ದರೆ, ಕಲ್ಲು ಹೊಡೆದಿದ್ದರೆ ತಾತ ಬದುಕಿಕೊಳ್ಳುತ್ತಿದ್ದನೋ ಏನೋ. ಗಂಡನನ್ನು ಮಣ್ಣು ಮಾಡಿದ್ದ ಮುನಿಯಮ್ಮ, ಅಜ್ಜಿಯೂ ಹೋದ ಮೇಲೆ, ಎಲ್ಲರ ಮುಂದೆ ಹೇಳಿದಳು, "ಉದ್ದನೇ ಪದ ಕಣಮ್ಮ, ಪಾಪ, ಅವ್ನೂ ಮನ್ಸ ತಾನೇ. ಅವ್ನೆಂಡ್ರೂ ಹೋಗ್ಲಿಲ್ವಾ?" ಆಮೇಲೂ ಅವಳು ತನ್ನ ಅಣ್ಣನಿಂದ ಏನಾದರೂ ಕಾಗದ ಬಂದರೆ ಪಾಲಪ್ಪನ ಜಗುಲಿಗೇ ತರುತ್ತಿದ್ದಳು, ಜತೆಗೆ ಒಂದು ಹಿಡಿ ಕಡಲೆಕಾಯಿಯನ್ನೂ. ಅವನು ಓದಿ ಹೇಳುತ್ತಿದ್ದ. ಕಡಲೆಕಾಯಿ ಮಾತ್ರ ಮುಟ್ಟುತ್ತಿರಲಿಲ್ಲ.

ಇದಿಷ್ಟೂ ನಮಗೆ ತಿಳಿದದ್ದು ಮೂವತ್ತೊಂಬತ್ತನೇ ಇಸವಿಯಲ್ಲಿ. ತಾತ ಹಾಸಿಗೆ ಹಿಡಿದಿದ್ದ, ಅವ್ವ ಅವನನ್ನು ಕೊಳಾಲಕ್ಕೆ ಕರೆತಂದು ನೋಡಿಕೊಳ್ಳುತ್ತಿದ್ದಳು. ರಜೆಗೆ ಬಂದಿದ್ದ ನಾನು ಮಂಚದ ಪಕ್ಕ ಕೂತು ಇಂಗ್ಲಿಷ್ ಪೇಪರು ಓದುತ್ತಿದ್ದೆ. ವಿಲಾಯಿತಿಯಲ್ಲಿ ಯುದ್ಧ ಶುರುವಾಗಿ ಲಂಡನ್ನಿನ ಮಕ್ಕಳನ್ನು ಊರು ಬಿಡಿಸಿ ಹಳ್ಳಿಗಳಿಗೆ ಸಾಗಿಸುತ್ತಿದ್ದರು. ಇವ್ಯಾಕ್ಯುಏಷನ್ ಅನ್ನುವ ಆ ಪದ ಪೇಪರಿನ ನೆತ್ತಿಯ ಮೇಲೇ ಇತ್ತು. ನಾನು ಗಟ್ಟಿಯಾಗಿ ಓದಿದೆ.

ತಾತನ ಕಣ್ಣು ತೆರೆಯಿತು. "ಕಡ್ಡಿ ಕೊಡು," ಅಂದ.

ಕೊಟ್ಟೆ. ಎದೆಯ ಮೇಲೇ ಮುರಿದ. ಎರಡೇ ತುಂಡು. "ಇನ್ನೊಂದು?" ಅಂದೆ, ಅವನೇ ಕಲಿಸಿದ ಮೇಷ್ಟ್ರಲ್ಲವೇ ನಾನು. ದಿಂಬಿನ ಪಕ್ಕದ ರುಮಾಲಿಗೆ ಕೈಹಾಕಿ ಆ ಕರ್ರಗಿನ ತುಂಡು ತೆಗೆದು ಎಡಗಡೆ ಇಟ್ಟ. ಆಮೇಲೆ ಹೇಳತೊಡಗಿದ. ಉಪ್ಪಿನ ಗಾಡಿಯಿಂದ ಹಿಡಿದು ಬೀಸುಕಲ್ಲಿನವರೆಗೆ, ಒಂದೂ ಬಿಡದೆ. ನಾನು ಪದವನ್ನು ಮುರಿಯುವುದನ್ನು ಎಷ್ಟು ಮಕ್ಕಳಿಗೆ ಕಲಿಸಿದ್ದೆನೋ, ಆ ವಿದ್ಯೆಯ ಬೇರಿನಲ್ಲಿ ಇದು ಇದ್ದದ್ದು ಗೊತ್ತಿರಲಿಲ್ಲ. ಕೇಳುತ್ತ ನನಗೆ ಅವನ ಮೇಲೆ ಸಿಟ್ಟು ಉಕ್ಕಿತು. ಹಿಂದೆಯೇ ಇನ್ನೊಂದು ಯೋಚನೆ ಬಂತು: ಆ ದಿನ ಅವನು ನಿಜ ಹೇಳಿದ್ದರೆ ಈ ಮದುವೆ ಇಲ್ಲ, ನಾನೂ ಇಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ. ಕೈಯಲ್ಲಿ ಗಂಜಿಯ ಬಟ್ಟಲು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನಿನಗೋಸ್ಕರ ಕಣವ್ವ," ಅಂದ ತಾತ.

ಅವ್ವ ಹತ್ತಿರ ಬಂದು ಕೂತಳು. ದನಿ ಏರಿಸಲಿಲ್ಲ. "ನಾನು ಎದುರ್ಗೇ ಕುಂತಿದ್ನಲ್ಲ. ನನ್ನ ಒಂದ್ ಮಾತು ಕೇಳ್ಬೇಕಿತ್ತು. ಕಂಕಣ ಕಿತ್ತಾಕಿ ಅವ್ವನ ಕೈ ಹಿಡ್ಕೊಂಡು ಹೊಂಟೋಗ್ತಿದ್ದೆ."

ಅವ್ವ ಗಂಜಿ ಕುಡಿಸಿದಳು.

ಆಮೇಲೆ ಅವನು ಒಂಬತ್ತು ದಿನ ಇದ್ದ. ಅವ್ವ ಹೊತ್ತು ಹೊತ್ತಿಗೆ ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಹಾಸಿಗೆ ಒಗೆದಳು, ಏನೂ ಕಡಿಮೆ ಮಾಡಲಿಲ್ಲ. ಅಪ್ಪ ಅಂತ ಮಾತ್ರ ಕರೆಯಲಿಲ್ಲ. ಒಂಬತ್ತನೇ ದಿನ ಅವನು ಅವಳ ಸೆರಗು ಹಿಡಿದುಕೊಂಡು ಕೇಳಿದ, "ಒಂದ್ಸಲ ಅಪ್ಪಾ ಅನ್ನವ್ವ."

ಅವ್ವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಾಯಿ ಒರೆಸಿ, ಬಟ್ಟಲು ತೊಳೆಯಲು ಹೊರಗೆ ಹೋದಳು.